ಥಾಯ್ಲೆಂಡ್ ನಿವೃತ್ತಿ ವಾಸ: ನವೀಕರಣಕ್ಕೆ 8 ಲಕ್ಷ ಬಾತ್ ಎಷ್ಟು ದಿನ ಇಡಬೇಕು?

ಪ್ರಶ್ನೆ: ಅನುಮತಿ ಮುಗಿಯಲು ಮೂರು ತಿಂಗಳಿದೆ. ಹಣ ಯಾವಾಗಿನಿಂದ ಖಾತೆಯಲ್ಲಿರಬೇಕು? ಕಾಗದಪತ್ರ ಏನೇನು ಬೇಕು?

ಉತ್ತರ 1: ಅರ್ಜಿ ದಿನಕ್ಕೆ ಮುಂಚಿನ 2 ತಿಂಗಳು ಪೂರ್ತಿ, ಥಾಯ್ ಬ್ಯಾಂಕಿನಲ್ಲಿ ನಿಮ್ಮೊಬ್ಬರ ಹೆಸರಲ್ಲೇ ಇರಲಿ ಸರ್. ಒಂದು ದಿನ 7,99,000ಕ್ಕೆ ಇಳಿದರೂ ಅರ್ಜಿ ನಿಲ್ಲುತ್ತದೆ, ಹಾಗಾಗಿ ಮನೆ ಖರ್ಚಿಗೆ ಬೇರೆ ಖಾತೆಯೇ ಇರಲಿ. ಮಂಜೂರಾದ ಮೇಲೂ 3 ತಿಂಗಳು ಮುಟ್ಟಬೇಡಿ. ಆಮೇಲೆ 4 ಲಕ್ಷಕ್ಕಿಂತ ಕೆಳಗೆ ಹೋಗಬಾರದು. ಹೆಚ್ಚಿನವರು ಎಡವುವುದು ಇಲ್ಲೇ, ಮುಂದಿನ ವರ್ಷ ಪಾಸ್‌ಬುಕ್ಕಿನ ಹಳೇ ಸಾಲುಗಳನ್ನೂ ನೋಡುತ್ತಾರೆ.

ಉತ್ತರ 2: ಥಾಯ್ ವಲಸೆ ಕಚೇರಿಯ ಟಿಎಂ.7 ಅರ್ಜಿ (ವಾಸ ಮುಂದುವರಿಸಲು), 4×6 ಸೆಂ.ಮೀ. ಫೋಟೋ, ಪಾಸ್‌ಪೋರ್ಟ್ ಜೆರಾಕ್ಸ್, ವಾಸದ ವಿಳಾಸ ತಿಳಿಸಿದ್ದಕ್ಕೆ ಕೊಡುವ ಟಿಎಂ.30 ರಸೀದಿ, ಖಾತೆಯ ಹಣ ದೃಢಪಡಿಸುವ ಬ್ಯಾಂಕಿನ ಪತ್ರ, ಶುಲ್ಕ 1,900 ಬಾತ್. ಅರ್ಜಿ ಕೊಡುವ ಬೆಳಿಗ್ಗೆಯೇ ಎಟಿಎಂನಲ್ಲಿ 100 ಬಾತ್ ಕಟ್ಟಿ ಪಾಸ್‌ಬುಕ್ ಎಂಟ್ರಿ ಹಾಕಿಸಿ. ಆ ದಿನದ ಸಾಲು ಕಾಣಬೇಕು. ಜೆರಾಕ್ಸಿನ ಪ್ರತಿ ಹಾಳೆಗೂ ಸಹಿ ಮಾಡಿ. ಅನುಮತಿಯ ಕೊನೆಯ 30 ದಿನಗಳಲ್ಲಿ ಹೋಗಿ, ಕೊನೆಯ ದಿನಕ್ಕೆ ಬಿಡಬೇಡಿ.

ಪ್ರಶ್ನೆ: ನಡುವೆ ಮೈಸೂರಿಗೆ ಹೋಗಿ ಬರಬಹುದಾ?

ಉತ್ತರ 3: ಮೊದಲು ಟಿಎಂ.8 ಅರ್ಜಿ ಕೊಟ್ಟು ಮರುಪ್ರವೇಶ ಪರವಾನಗಿ ಮಾಡಿಸಿಕೊಳ್ಳಿ. ಒಂದು ಸಲಕ್ಕೆ 1,000, ಹಲವು ಸಲಕ್ಕೆ 3,800 ಬಾತ್. ಅದಿಲ್ಲದೆ ಗಡಿ ದಾಟಿದರೆ ವರ್ಷದ ಅನುಮತಿಯೇ ರದ್ದು. ಥಾಯ್ಲೆಂಡಿನಲ್ಲೇ ಇದ್ದರೆ 90 ದಿನಕ್ಕೊಮ್ಮೆ ವಿಳಾಸ ತಿಳಿಸುವ ಟಿಎಂ.47 ಅರ್ಜಿ ಕೊಡಬೇಕು.