ಇಷ್ಟು ಚೆನ್ನಾಗಿ ಬರೆದ ಕಾದಂಬರಿ, ಆದರೂ ಯಾಕೆ ಮನಸ್ಸು ತುಂಬಲಿಲ್ಲ?

ಕಿಟಕಿ_ಪಕ್ಕ:
ಅನಂತಮೂರ್ತಿಯವರ 'ಸಂಸ್ಕಾರ' (1965) ನಿನ್ನೆ ರಾತ್ರಿ ಮುಗಿಸಿದೆ. ಓದದವರು ಇಲ್ಲಿಗೇ ನಿಲ್ಲಿಸಿ, ಕಥೆ ಹೇಳಿಬಿಡುತ್ತೇನೆ. ಮೊದಲ ಭಾಗ ಕೆಳಗಿಡೋಕೇ ಆಗಲಿಲ್ಲ. ಆಚಾರ ಬಿಟ್ಟು ಬದುಕಿದ್ದ ನಾರಣಪ್ಪ ಸತ್ತಿದ್ದಾನೆ, ಅವನ ಹೆಣ ಸುಡುವವರೆಗೆ ದೂರ್ವಾಸಪುರದ ಅಗ್ರಹಾರದಲ್ಲಿ ಯಾರೂ ಉಣ್ಣುವಂತಿಲ್ಲ, ಸಂಸ್ಕಾರ ಮಾಡೋಕೆ ಯಾರೂ ಮುಂದೆ ಬರುವುದಿಲ್ಲ. ಅವನ ಜೊತೆಗಿದ್ದ ಚಂದ್ರಿ ಮೈಮೇಲಿನ ಚಿನ್ನ ಬಿಚ್ಚಿಟ್ಟಿದ್ದೇ ತಡ, ಅಲ್ಲಿಯವರೆಗೆ ಹಿಂಜರಿದವರಿಗೆಲ್ಲ ಒಳಗೊಳಗೇ ಆಸೆ ಹುಟ್ಟುತ್ತದೆ. ಒಂದು ಪದ ಜಾಸ್ತಿ ಇಲ್ಲ. ಆಮೇಲೆ ಊರೆಲ್ಲ ಗೌರವಿಸುವ ಪಂಡಿತ ಪ್ರಾಣೇಶಾಚಾರ್ಯರು ಚಂದ್ರಿಯನ್ನು ಕೂಡುತ್ತಾರೆ, ಊರು ಬಿಟ್ಟು ಅಲೆಯುತ್ತಾರೆ, ದಾರಿಯಲ್ಲಿ ಪುಟ್ಟ ಅನ್ನುವವನು ಜೊತೆಯಾಗುತ್ತಾನೆ, ಕೊನೆಗೆ ಗಾಡಿ ಹತ್ತಿ ದೂರ್ವಾಸಪುರದ ಕಡೆ ಹೊರಡುತ್ತಾರೆ. ಅಷ್ಟೇ. ಚಂದ್ರಿಯ ವಿಷಯ ಊರವರ ಮುಂದೆ ಬಾಯಿ ಬಿಟ್ಟರಾ ಇಲ್ಲವಾ? ಯಾರೋ ಮಾತಿನ ಮಧ್ಯೆ ಎದ್ದು ಹೋದ ಹಾಗಾಯಿತು. ಬರವಣಿಗೆಯಲ್ಲಿ ಕುಂದಿಲ್ಲ, ಆದರೂ ಬೇಜಾರು. ನಿಮಗೂ ಹೀಗಾಗಿದೆಯಾ?

ಮಲೆನಾಡಿನವ:
ಕಾಲೇಜಿನಲ್ಲಿ ಓದಿದಾಗ ನನಗೂ ಹೀಗೇ ಆಗಿತ್ತು. ಎರಡನೇ ಸಲ ಓದುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಹೆಣದ ಪ್ರಶ್ನೆ ಕಥೆಯ ನಡುವಿನಲ್ಲೇ ಮುಗಿದುಹೋಗುತ್ತದೆ! ಚಂದ್ರಿ ಮೀನು ವ್ಯಾಪಾರಿ ಅಹ್ಮದ್ ಬ್ಯಾರಿಯ ಹತ್ತಿರ ಹೋಗುತ್ತಾಳೆ, ರಾತ್ರೋರಾತ್ರಿ ಹೆಣ ಸುಟ್ಟಾಗುತ್ತದೆ, ಅವಳು ಕುಂದಾಪುರಕ್ಕೆ ಹೊರಟುಬಿಡುತ್ತಾಳೆ. ಅಗ್ರಹಾರಕ್ಕೂ ಗೊತ್ತಿಲ್ಲ, ಆಚಾರ್ಯರಿಗೂ ಗೊತ್ತಿಲ್ಲ, ನಮಗೆ ಮಾತ್ರ ಗೊತ್ತು. ಆದರೂ ನಾನು ಅಗ್ರಹಾರ ಏನು ತೀರ್ಮಾನ ಮಾಡುತ್ತದೋ ಅಂತ ಕೊನೆಯ ಪುಟದವರೆಗೂ ಸುಮ್ನೆ ಕಾಯುತ್ತಿದ್ದೆ. ಕಥೆ ಆಗಲೇ ಬೇರೆ ಕಡೆ ತಿರುಗಿತ್ತು. ಹೆಂಡತಿ ಸತ್ತ ಸೂತಕದಲ್ಲೇ ಮೇಳಿಗೆಯ ತೇರಿನಲ್ಲಿ ಪಂಕ್ತಿಯೂಟಕ್ಕೆ ಕೂತ ಆಚಾರ್ಯರಿಗೆ, ಯಾರಾದರೂ ಗುರುತು ಹಿಡಿದುಬಿಟ್ಟರೆ ಅನ್ನುವ ಭಯ ಇದೆಯಲ್ಲ, ಎರಡನೇ ಅರ್ಧವೆಲ್ಲ ಅದೇ. ಆ ಭಯದ ಜೊತೆ ನಡೆದರೆ ಗಾಡಿ ಹತ್ತುವುದೇ ದೊಡ್ಡ ಘಟನೆ ಅನ್ನಿಸುತ್ತದೆ.

ಹಳೇ_ಓದುಗಿ:
ಒಪ್ಪುತ್ತೇನೆ, ಆದರೆ ಪೂರ್ತಿ ಅಲ್ಲ. ಓದುಗರು ತಪ್ಪು ಕಡೆ ನೋಡಿದರು ಅಂತ ಹೇಳಿ ಮುಗಿಸಬೇಡಿ. ಹಸಿವು ತಾಳದ ಅಗ್ರಹಾರದ ದಾಸಾಚಾರ್ಯ ಪಕ್ಕದ ಪಾರಿಜಾತಪುರಕ್ಕೆ ಹೋಗಿ ಅವಲಕ್ಕಿ ತಿನ್ನುವುದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಗರುಡಾಚಾರ್ಯ, ಲಕ್ಷ್ಮಣಾಚಾರ್ಯ, ಅವರ ಹೆಂಡಂದಿರ ಜಗಳ, ಎಷ್ಟು ಜೀವ ಇದೆ ಅಲ್ಲಿ. ಇವರನ್ನೆಲ್ಲ ಹಚ್ಚಿಕೊಂಡ ಮೇಲೆ ಒಬ್ಬರ ತಲೆಯೊಳಗೆ ಮಾತ್ರ ಇರು ಅಂದರೆ ಕಷ್ಟ ಆಗುತ್ತದೆ. ಮೊದಲ ಅರ್ಧ ಸುಮಾರಾಗಿದ್ದಿದ್ದರೆ ಈ ಕೊರತೆ ತಟ್ಟುತ್ತಲೇ ಇರಲಿಲ್ಲ. ಚೆನ್ನಾಗಿ ಬರೆದದ್ದಕ್ಕೇ ನೋವು.

ಕಿಟಕಿ_ಪಕ್ಕ:
ಇಬ್ಬರಿಗೂ ಥ್ಯಾಂಕ್ಸ್. ಇವತ್ತು ಮತ್ತೆ ಪುಟ ತಿರುವಿದೆ. ಕುಂದಾಪುರಕ್ಕೆ ಹೊರಟ ಮೇಲೆ ಚಂದ್ರಿ ಆಚಾರ್ಯರ ನೆನಪಿನಲ್ಲಿ ಬರುತ್ತಾಳೆ, ಎದುರಿಗೆ ಬರುವುದೇ ಇಲ್ಲ. ನಾನು ಕೊನೆವರೆಗೆ ಕಾಯುತ್ತಿದ್ದುದು ಅವಳನ್ನೇ ಇರಬೇಕು.