ಮಗ ಡಬ್ಬಿ ಹಾಗೇ ವಾಪಸ್ ತರುತ್ತಾನೆ, ಯಾವ ಟಾನಿಕ್ ಕೊಡಲಿ?

ನವನಗರದ ಅಮ್ಮ (ಹುಬ್ಬಳ್ಳಿ):

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಒಂಬತ್ತು ವರ್ಷ. ತೂಕ 24 ಕೆಜಿ, ಎತ್ತರ 130 ಸೆಂಟಿಮೀಟರ್. ಹೋದ ವಾರ ಒಂದು ಮದುವೆಗೆ ಹೋಗಿದ್ದೆವು. ಪಂಕ್ತಿಯಲ್ಲಿ ಪಕ್ಕ ಕೂತಿದ್ದ ಅಜ್ಜಿಯೊಬ್ಬರು ಅವನ ರಟ್ಟೆ ಹಿಡಿದು ನೋಡಿ, "ಹುಡುಗಗ ಏನೂ ಹಾಕೂದಿಲ್ಲೇನವ್ವಾ? ಎಷ್ಟ ಸೊರಗ್ಯಾನ" ಅಂದರು. ಅವನ ಎದುರಿಗೇ. ಅವನು ತಟ್ಟೆ ನೋಡುತ್ತಾ ಸುಮ್ಮನೆ ಕೂತ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅವನ ದಿನ ಹೀಗಿದೆ. ಬೆಳಿಗ್ಗೆ 7:45ಕ್ಕೆ ಸ್ಕೂಲ್ ಬಸ್. ಎದ್ದ ಕೂಡಲೇ ದೊಡ್ಡ ಲೋಟ ಹಾಲು, ಅದಕ್ಕೆ ಎರಡು ಚಮಚ ಹೆಲ್ತ್ ಡ್ರಿಂಕ್ ಪೌಡರ್, ಒಂದು ಚಮಚ ಸಕ್ಕರೆ. ಆಮೇಲೆ ತಿಂಡಿ ಅರ್ಧಕ್ಕೆ ಬಿಡುತ್ತಾನೆ. ಡಬ್ಬಿಗೆ ರೊಟ್ಟಿ, ಪಲ್ಯ ಕಟ್ಟಿದರೆ ಒಂದು ತುತ್ತು ಮುರಿದು ಹಾಗೇ ವಾಪಸ್. ನಾಲ್ಕಕ್ಕೆ ಬಂದವನಿಗೆ ಮತ್ತೆ ಅದೇ ಹಾಲು, ಐದಾರು ಬಿಸ್ಕಿಟ್. ಐದರಿಂದ ಆರೂವರೆ ಟ್ಯೂಷನ್. ಬಂದ ಮೇಲೆ ಚಿಪ್ಸ್ ಪ್ಯಾಕೆಟ್, ಹೋಮ್‌ವರ್ಕ್, ಮೊಬೈಲ್. ಒಂಬತ್ತಕ್ಕೆ ಊಟಕ್ಕೆ ಕರೆದರೆ "ಹಸಿವಿಲ್ಲ ಮಮ್ಮಿ". ಮೊಬೈಲ್ ಹಚ್ಚಿ ಕೊಟ್ಟು ನಾನೇ ತುತ್ತು ಮಾಡಿ ಬಾಯಿಗೆ ಹಾಕುತ್ತೇನೆ. ಶಾಲೆಯಲ್ಲಿ ವಾರಕ್ಕೆ ಎರಡು ಆಟದ ಪೀರಿಯಡ್ ಇದ್ದವು. ಈ ವರ್ಷ ಒಂದನ್ನು ಗಣಿತಕ್ಕೆ ತಗೊಂಡಿದ್ದಾರೆ.

ಹಸಿವು ಆಗೋಕೆ, ಮೈ ತುಂಬೋಕೆ ಯಾವ ಟಾನಿಕ್ ಒಳ್ಳೆಯದು? ಗೊತ್ತಿದ್ದವರು ಹೇಳಿ.

ಗದಗ ಪಿ.ಟಿ. ಮಾಸ್ತರ್:

ತಂಗೀ, ಮೊದಲು ಸಮಾಧಾನ ಮಾಡಿಕೊಳ್ಳಿ. ಒಂಬತ್ತು ವರ್ಷಕ್ಕೆ 24 ಕೆಜಿ, 130 ಸೆಂಟಿಮೀಟರ್ ಅಂದರೆ ನಿಮ್ಮ ಹುಡುಗ ತೆಳ್ಳಗಿದ್ದಾನೆ, ಸೊರಗಿಲ್ಲ. ಈ ವಯಸ್ಸಿನಲ್ಲಿ ಮಕ್ಕಳು ವರ್ಷಕ್ಕೆ 5-6 ಸೆಂಟಿಮೀಟರ್ ಎತ್ತರ ಆಗುತ್ತಾರೆ, ತೂಕ ಎರಡು ಮೂರು ಕೆಜಿ ಏರುತ್ತದೆ. ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲ್‌ನಿಂದ ಗೆರೆ ಎಳೆದು ತಾರೀಖು ಬರೆದಿಡಿ. ಆರು ತಿಂಗಳಿಗೊಮ್ಮೆ ನಿಲ್ಲಿಸಿ ನೋಡಿ. ರಟ್ಟೆ ಹಿಡಿದು ನೋಡುವವರ ಮಾತಿಗಿಂತ ಆ ಗೆರೆಯನ್ನು ನಂಬಿ.

ನೀವು ಬರೆದದ್ದನ್ನು ಎರಡು ಸಲ ಓದಿದೆ. ಅವನಿಗೆ ಹಸಿವಾಗುವ ಹೊತ್ತೇ ಇಲ್ಲ. ತಿಂಡಿಗೆ ಮೊದಲು ಹೊಟ್ಟೆ ತುಂಬ ಹಾಲು. ಊಟಕ್ಕೆ ಮೊದಲು ಚಿಪ್ಸ್. ನಡುವೆ ಓಡುವುದು, ಜಿಗಿಯುವುದು ಏನೂ ಇಲ್ಲ. ಇಡೀ ದಿನ ಬಸ್ಸಿನಲ್ಲಿ, ಬೆಂಚಿನ ಮೇಲೆ, ಟ್ಯೂಷನ್ ಚಾಪೆ ಮೇಲೆ ಕೂತೇ ಇರುವ ಮಗುವಿಗೆ ಊಟ ಹೇಗೆ ಸೇರಬೇಕು ಹೇಳಿ?

ನಾನು 26 ವರ್ಷದಿಂದ ಮಕ್ಕಳನ್ನು ಆಡಿಸುತ್ತಿದ್ದೇನೆ. ಪ್ರತಿ ಜೂನ್‌ನಲ್ಲಿ ಹೊಸ ಮಕ್ಕಳನ್ನು ಕಬ್ಬಿಣದ ಬಾರ್‌ಗೆ ಜೋತು ಬೀಳಲು ಹೇಳಿ ಎಣಿಸುತ್ತೇನೆ. ಎಂಟು, ಒಂಬತ್ತಕ್ಕೆ ಕೈ ಬಿಡುತ್ತಾರೆ. ಕೆಂಪಾದ ಅಂಗೈಗೆ ಉಫ್ ಅಂತ ಊದುತ್ತಾ ನನ್ನ ಮುಖ ನೋಡುತ್ತಾರೆ. ನಾನು ಬೈಯುವುದಿಲ್ಲ. ದಿನಾ ಖೋಖೋ, ಲಗೋರಿ, ಕುಂಟಾಟ ಆಡಿಸುತ್ತೇನೆ. ಆಗಸ್ಟ್ ಹದಿನೈದು ಬರುವಷ್ಟರಲ್ಲಿ ಅದೇ ಮಕ್ಕಳು ಇಪ್ಪತ್ತೈದು, ಮೂವತ್ತು ಎಣಿಸುವ ತನಕ ಜೋತಾಡುತ್ತಾರೆ. ಬಿಸಿಯೂಟದಲ್ಲಿ ಜೂನ್ ತಿಂಗಳು ಅನ್ನ ಚೆಲ್ಲುತ್ತಿದ್ದವರು ಈಗ ಎರಡನೇ ಸಲ ತಟ್ಟೆ ಹಿಡಿದು ನಿಲ್ಲುತ್ತಾರೆ. ಸಾರು ಮೊದಲಿನದೇ, ಅಡುಗೆ ಅಕ್ಕನೂ ಮೊದಲಿನವರೇ. ಇದನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ವಿಶ್ವ ಆರೋಗ್ಯ ಸಂಸ್ಥೆ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವಂಥ ಆಟ ಬೇಕು ಅನ್ನುತ್ತದೆ. ವಾರಕ್ಕೆ ಮೂರು ದಿನವಾದರೂ ಎಲುಬು, ಸ್ನಾಯು ಗಟ್ಟಿ ಮಾಡುವ ಆಟ ಇರಬೇಕು. ಜಿಗಿಯುವುದು, ಹತ್ತುವುದು, ಜೋತು ಬೀಳುವುದು, ಹಗ್ಗದಾಟ ಎಲ್ಲ ಅದೇ. ದುಡ್ಡು ಕಟ್ಟಿ ಕೋಚಿಂಗ್‌ಗೆ ಹಾಕಬೇಕು ಅಂತ ಏನಿಲ್ಲ. ಭಾರತ ತಂಡಕ್ಕೆ ಆಡಿದ ನಮ್ಮ ಗದಗಿನ ಸುನೀಲ್ ಜೋಶಿ ಹುಡುಗನಾಗಿದ್ದಾಗ ಬೆಳಗಿನ ಹೊತ್ತು ಹುಬ್ಬಳ್ಳಿಗೆ ಹೋಗಿ ಕ್ರಿಕೆಟ್ ಅಭ್ಯಾಸ ಮಾಡಿ, ಶಾಲೆ ಹೊತ್ತಿಗೆ ವಾಪಸ್ ಬರುತ್ತಿದ್ದರು. ಎಲ್ಲರ ಮಕ್ಕಳೂ ಅಷ್ಟು ಮಾಡಬೇಕಿಲ್ಲ. ನಿಮ್ಮ ಓಣಿಯ ನಾಲ್ಕು ಮಕ್ಕಳು, ಒಂದು ಗಂಟೆ, ಒಂದು ಚೆಂಡು ಇದ್ದರೆ ಆಯಿತು.

ಟ್ಯೂಷನ್‌ನವರ ಹತ್ತಿರ ಮಾತಾಡಿ, ಹೊತ್ತು ಮುಂದೆ ಹಾಕಲು ಆಗುತ್ತದಾ ಕೇಳಿ. ನಾಲ್ಕನೇ ಕ್ಲಾಸಿಗೆ ಟ್ಯೂಷನ್ ಬೇಕೇ ಬೇಕಾ ಅಂತಲೂ ಮನೆಯಲ್ಲಿ ಕೂತು ಯೋಚನೆ ಮಾಡಿ. ನನ್ನನ್ನು ಕೇಳಿದರೆ ಬೇಡ. ನಾಲ್ಕಕ್ಕೆ ಬಂದ ಕೂಡಲೇ ಒಂದು ಹಣ್ಣು, ಒಂದು ಮುಷ್ಟಿ ಹುರಿದ ಶೇಂಗಾ ಇಲ್ಲವೆ ಪುಠಾಣಿ ಕೊಟ್ಟು ಹೊರಗೆ ಬಿಡಿ. ಊಟ ಏಳೂವರೆಗೆ ಮುಗಿಯಲಿ. ಒಂಬತ್ತಕ್ಕೆ ಹಾಸಿಗೆ. ಈ ವಯಸ್ಸಿಗೆ 9ರಿಂದ 12 ತಾಸು ನಿದ್ದೆ ಬೇಕು, ಇದನ್ನು ಯಾರೂ ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಮೊದಲ ನಾಲ್ಕು ದಿನ ಅವನು ಊಟ ಕಡಿಮೆ ಮಾಡಬಹುದು. ಹೆದರಿ ಮತ್ತೆ ಬಿಸ್ಕಿಟ್ ಕೊಡಬೇಡಿ.

ಹಾವೇರಿ ನರ್ಸ್ ಅಕ್ಕ:

ಮಾಸ್ತರ್ ಹೇಳಿದ್ದು ಸರಿ. ನಾನು ಎರಡು ಮಾತು ಸೇರಿಸುತ್ತೇನೆ.

ಪೌಡರ್ ಡಬ್ಬಿ ತಿರುಗಿಸಿ ಓದಿ. 100 ಗ್ರಾಂನಲ್ಲಿ ಸಕ್ಕರೆ ಎಷ್ಟು ಅಂತ ಬರೆದಿರುತ್ತದೆ. ಇಷ್ಟು ಸಣ್ಣ ಮಗುವಿಗೆ ಮೇಲಿಂದ ಹಾಕುವ ಸಕ್ಕರೆ ಎಲ್ಲ ಸೇರಿ ದಿನಕ್ಕೆ ನಾಲ್ಕೈದು ಚಮಚದ ಒಳಗಿದ್ದರೆ ಒಳ್ಳೆಯದು. ನಿಮ್ಮ ಎರಡು ಲೋಟ ಹಾಲು, ಬಿಸ್ಕಿಟ್ ಸೇರಿದರೇ ಅದು ದಾಟಿ ಹೋಗುತ್ತದೆ. 2024ರಲ್ಲಿ ಕೇಂದ್ರ ಸರ್ಕಾರ ಇಂಥ ಪೌಡರ್‌ಗಳನ್ನು 'ಹೆಲ್ತ್ ಡ್ರಿಂಕ್' ಪಟ್ಟಿಯಿಂದ ತೆಗೆಯಿರಿ ಅಂತ ಆನ್‌ಲೈನ್ ಅಂಗಡಿಗಳಿಗೆ ಹೇಳಿತ್ತು. ಒಂದು ಲೋಟ ಸಾದಾ ಹಾಲು, ಒಂದು ಬಟ್ಟಲು ಮೊಸರು ಸಾಕು. ಹಾಲನ್ನು ತಿಂಡಿ ಆದ ಮೇಲೆ ಕೊಡಿ.

ಜಂತುಹುಳುವಿನ ಮಾತ್ರೆ ಆಗಿದೆಯಾ? ಫೆಬ್ರುವರಿ 10, ಆಗಸ್ಟ್ 10ರ ಸುಮಾರಿಗೆ ಶಾಲೆ, ಅಂಗನವಾಡಿಗಳಲ್ಲಿ ಕೊಡುತ್ತಾರೆ. ತಪ್ಪಿದ್ದರೆ ಆರೋಗ್ಯ ಕೇಂದ್ರದಲ್ಲಿ ಕೇಳಿ. ಮುಖ ಬಿಳಿಚಿಕೊಂಡಿದ್ದರೆ, ಮೆಟ್ಟಿಲು ಹತ್ತಿದರೆ ಸುಸ್ತಾಗುತ್ತಿದ್ದರೆ, ಬಳಪ, ಮಣ್ಣು ತಿನ್ನುತ್ತಿದ್ದರೆ ರಕ್ತ ಪರೀಕ್ಷೆ ಮಾಡಿಸಿ. ತೂಕ ಇಳಿಯುತ್ತಿದ್ದರೆ ಕಾಯಬೇಡಿ, ಮಕ್ಕಳ ಡಾಕ್ಟರಿಗೆ ತೋರಿಸಿ. ಅವರು ಹೇಳದೆ ಹಸಿವಿನ ಟಾನಿಕ್ ತರಬೇಡಿ.

ಮಕ್ಕಳಿಗೆ ಚಹಾ ಕೊಡುವ ಚಟ ನಮ್ಮ ಕಡೆ ಜಾಸ್ತಿ. ಊಟದ ಜೊತೆ ಚಹಾ ಹೋದರೆ ಸೊಪ್ಪು, ಕಾಳಿನ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ಅದೇ ಲಿಂಬೆಹಣ್ಣು ಹಿಂಡಿದರೆ, ಪೇರಲ ತಿಂದರೆ ಚೆನ್ನಾಗಿ ಹತ್ತುತ್ತದೆ. ನಿಮಗೆ ನವಲೂರು ಪಕ್ಕದಲ್ಲೇ ಇದೆ, ಸೀಸನ್‌ನಲ್ಲಿ ಒಳ್ಳೆ ಪೇರಲ ಸಿಗುತ್ತದೆ. ಕಿತ್ತಳೆಗಿಂತ ಅದರಲ್ಲಿ ಸಿ ವಿಟಮಿನ್ ಎಷ್ಟೋ ಪಾಲು ಜಾಸ್ತಿ.

ಮಾಳಮಡ್ಡಿ ಅಜ್ಜಿ (ಧಾರವಾಡ):

ಡಬ್ಬಿ ವಿಷಯ ಯಾರೂ ಹೇಳಲಿಲ್ಲ. ಜೋಳದ ರೊಟ್ಟಿ ಮಧ್ಯಾಹ್ನದ ಹೊತ್ತಿಗೆ ಬಿರುಸಾಗುತ್ತದೆ. ಹದಿನೈದು ನಿಮಿಷದ ಬಿಡುವಿನಲ್ಲಿ ಸಣ್ಣ ಹುಡುಗ ಅದನ್ನು ಹೇಗೆ ಅಗಿಯಬೇಕು? ಮುಟಗಿ ಮಾಡಿ ಕಳಿಸಿ. ರೊಟ್ಟಿ ಸ್ವಲ್ಪ ದಪ್ಪ ತಟ್ಟಿ. ಹಂಚಿನಿಂದ ಇಳಿಸಿದ ಕೂಡಲೇ, ಕೈ ಸುಡುವ ಹಾಗೆ ಇರುವಾಗಲೇ ಮುರಿದು ಕಲ್ಲಿಗೆ ಹಾಕಿ. ಎರಡು ಎಸಳು ಬೆಳ್ಳುಳ್ಳಿ, ಜೀರಿಗೆ, ಉಪ್ಪು, ಚೂರೇ ಚೂರು ಕಾರ, ಒಂದು ಚಮಚ ತುಪ್ಪ ಹಾಕಿ ಕುಟ್ಟಿ. ಮುಷ್ಟಿಯಲ್ಲಿ ಹಿಡಿದು ಗಟ್ಟಿಯಾಗಿ ಒತ್ತಿ, ನಿಮ್ಮ ನಾಲ್ಕು ಬೆರಳಿನ ಅಚ್ಚು ಅದರ ಮೇಲೆ ಮೂಡಬೇಕು. ರೊಟ್ಟಿ ಆರಿದ ಮೇಲೆ ಕುಟ್ಟಿದರೆ ಕಟ್ಟುವುದಿಲ್ಲ, ಪುಡಿ ಪುಡಿ ಆಗುತ್ತದೆ. ಜೊತೆಗೆ ಮಡಿಕೆಕಾಳಿನ ಉಸುಳಿ ಇಡಿ. ಜೋಳದಲ್ಲಿ ಕೊರತೆ ಇರುವ ಪ್ರೋಟೀನ್ ಅಂಶವನ್ನು ಕಾಳು ತುಂಬುತ್ತದೆ ಅಂತ ನನ್ನ ಸೊಸೆ ಹೇಳುತ್ತಾಳೆ, ಅವಳು ಕೃಷಿ ವಿಶ್ವವಿದ್ಯಾಲಯದಲ್ಲಿ ಓದಿದವಳು. ಮೊಟ್ಟೆ ತಿನ್ನುವ ಮನೆಯಾದರೆ ದಿನಕ್ಕೊಂದು ಕೊಡಿ.

ಮತ್ತೆ, ಬಾಯಿಗೆ ತುತ್ತು ಹಾಕುವುದನ್ನು ನಿಲ್ಲಿಸಿ ಮಗಳೇ. ಎಲ್ಲರ ಜೊತೆ ಕೂರಿಸಿ. ಎಷ್ಟು ಬೇಕೋ ಅವನೇ ಬಡಿಸಿಕೊಳ್ಳಲಿ.

ನವನಗರದ ಅಮ್ಮ (ಐದು ವಾರದ ನಂತರ):

ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಾಗುತ್ತಿಲ್ಲ. ಪೌಡರ್ ಡಬ್ಬಿ ಮುಗಿದ ಮೇಲೆ ಮತ್ತೆ ತರಲಿಲ್ಲ. ಮೊದಲ ವಾರ ಬಹಳ ಕಷ್ಟ ಆಯಿತು. ಮೂರನೇ ದಿನ ಅವನು ಊಟ ಬಿಟ್ಟು ಎದ್ದು ಹೋದ. ನಾನು ಅಡುಗೆಮನೆಯಲ್ಲಿ ನಿಂತು ಅತ್ತೆ, ಬಿಸ್ಕಿಟ್ ಮಾತ್ರ ಕೊಡಲಿಲ್ಲ. ಟ್ಯೂಷನ್ ವಾರಕ್ಕೆ ಎರಡು ದಿನಕ್ಕೆ ಇಳಿಸಿದ್ದೇವೆ. ಉಳಿದ ದಿನ ನಮ್ಮ ಲೇನ್‌ನ ಆರು ಮಕ್ಕಳು ಖಾಲಿ ಸೈಟಿನಲ್ಲಿ ಲಗೋರಿ ಆಡುತ್ತಾರೆ. ಭಾನುವಾರ ಅವರಪ್ಪ ನೃಪತುಂಗ ಬೆಟ್ಟ ಹತ್ತಿಸುತ್ತಾರೆ. ಆಟದ ಪೀರಿಯಡ್ ಬಗ್ಗೆ ನಾವು ಐದು ಜನ ತಾಯಂದಿರು ಶಾಲೆಗೆ ಪತ್ರ ಬರೆದು ಕೊಟ್ಟಿದ್ದೇವೆ, ಉತ್ತರ ಇನ್ನೂ ಬಂದಿಲ್ಲ.

ನಿನ್ನೆ ಆಡಿ ಬಂದವನು ಕೈಕಾಲು ತೊಳೆಯದೆ ನೇರ ಅಡುಗೆಮನೆಗೆ ಬಂದು "ಊಟಕ್ಕ ಏನೈತಿ?" ಅಂದ. ಒಂದೂವರೆ ರೊಟ್ಟಿ, ಹೆಸರುಕಾಳಿನ ಪಲ್ಯ, ಮೊಸರು. ಅವನೇ ಬಡಿಸಿಕೊಂಡ. ತೂಕ ನೋಡಿಲ್ಲ, ಚೌಕಟ್ಟಿನ ಮೇಲೆ ಮೊದಲ ಗೆರೆ ಎಳೆದಿದ್ದೇವೆ.

ಈಗ ಮಳೆ ಹಿಡಿದಿದೆ. ಸಂಜೆ ಹೊರಗೆ ಬಿಡಲು ಆಗುತ್ತಿಲ್ಲ. ಮನೆ ಒಳಗೆ ಏನು ಆಡಿಸಲಿ ಮಾಸ್ತರ್?

ಗದಗ ಪಿ.ಟಿ. ಮಾಸ್ತರ್:

ಬಹಳ ಖುಷಿ ಆಯಿತು ತಂಗೀ. ಜಿಟಿಜಿಟಿ ಮಳೆ ಇದ್ದರೆ ನೆನೆಯಲಿ ಬಿಡಿ, ಬಂದ ಮೇಲೆ ತಲೆ ಒರೆಸಿ. ಗುಡುಗು, ಮಿಂಚು ಇದ್ದರೆ ಮಾತ್ರ ಒಳಗೆ. ಆಗ ಹಗ್ಗದಾಟ, ನೂರು ಸಲ, ಹತ್ತು ಹತ್ತು ಮಾಡಿ ಬಿಡಿಸಿ ಬಿಡಿಸಿ. ಐದಾರು ಸೂರ್ಯನಮಸ್ಕಾರ. ಗಟ್ಟಿ ಪೈಪು ಎಲ್ಲಾದರೂ ಇದ್ದರೆ ಜೋತು ಬೀಳಿಸಿ, ನೀವೇ ಪಕ್ಕ ನಿಂತು ಎಣಿಸಿ. ಎಷ್ಟಕ್ಕೆ ಕೈ ಬಿಟ್ಟ ಅಂತ ನನಗೆ ಇಲ್ಲಿ ಬರೆಯಿರಿ.