ಹನ್ನೆರಡರ ಹೊಸ್ತಿಲಲ್ಲಿರುವ ಮಗಳಿಗೆ ಮೊದಲ ಪಿಸ್ತೂಲು: ತಿಳಿದವರು ಅನುಭವ ಹಂಚಿಕೊಳ್ಳಿ

ಪ್ರಶ್ನೆ: ಮಂಡ್ಯದಿಂದ ಒಬ್ಬ ತಂದೆ

ನನ್ನ ಮಗಳಿಗೆ ಬರುವ ಯುಗಾದಿಯ ಹೊತ್ತಿಗೆ ಹನ್ನೆರಡು ವರ್ಷ ತುಂಬುತ್ತದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಅವರು 10 ಮೀಟರ್ ಏರ್ ಪಿಸ್ತೂಲು (ಮದ್ದಿನ ಬದಲು ಗಾಳಿಯ ಒತ್ತಡದಿಂದ ಹೊಡೆಯುವ ಪಿಸ್ತೂಲು) ಸ್ಪರ್ಧೆಯಲ್ಲಿ ಕಂಚು ಗೆದ್ದುದನ್ನು ಟಿ.ವಿ.ಯಲ್ಲಿ ನೋಡಿದಂದಿನಿಂದ ಶೂಟಿಂಗ್ ಕಲಿಯಬೇಕೆಂದು ಹಟ ಹಿಡಿದಿದ್ದಾಳೆ. ಕುಶಾಲನಗರದ ಬಳಿ ತೋಟ ಮಾಡಿಕೊಂಡಿರುವ ನನ್ನ ಭಾವಮೈದುನ, ಮದ್ದುಗುಂಡು ಹಾರಿಸುವ ತನ್ನ ಪರವಾನಗಿಯ .22 ಪಿಸ್ತೂಲು ಚಿಕ್ಕದು, ಒದೆತವೂ ಕಡಿಮೆ, ಬೇಸಿಗೆ ರಜೆಯಲ್ಲಿ ಅದರಲ್ಲೇ ಕಲಿಸುತ್ತೇನೆ ಎನ್ನುತ್ತಾನೆ. ಮನೆಯವಳಿಗೆ ಇದು ಸುತರಾಂ ಒಪ್ಪಿಗೆಯಿಲ್ಲ. ಇನ್ನು ಆನ್‌ಲೈನ್ ಅಂಗಡಿಗಳಲ್ಲಿ ಸಾವಿರದಿಂದ ಲಕ್ಷದವರೆಗೆ ನಾನಾ ಬಗೆಯ ಏರ್ ಪಿಸ್ತೂಲುಗಳು ಕಾಣುತ್ತಿವೆ. ಮಗುವಿನ ಕೈಗೆ ಒಪ್ಪುವ ಚಿಕ್ಕ ಪಿಸ್ತೂಲು ಯಾವುದು, ಕೊಳ್ಳುವಾಗ ಏನನ್ನು ನೋಡಬೇಕು ಎಂಬುದನ್ನು ಮಕ್ಕಳಿಗೆ ಕಲಿಸಿದವರು ದಯವಿಟ್ಟು ತಿಳಿಸಬೇಕು.

ಉತ್ತರ: ಮಂಡ್ಯದ ಒಬ್ಬ ವಕೀಲರಿಂದ

ಮೊದಲು ಭಾವಮೈದುನರ ಮಾತನ್ನು ಬದಿಗಿಡೋಣ. 1959ರ ಆಯುಧ ಕಾಯ್ದೆಯ 9ನೆಯ ಕಲಮಿನ ಪ್ರಕಾರ 21 ವರ್ಷ ತುಂಬದವರು ಮದ್ದುಗುಂಡಿನ ಆಯುಧವನ್ನು ಕೊಳ್ಳುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ. 2016ರ ಆಯುಧ ನಿಯಮಗಳು 12 ವರ್ಷ ತುಂಬಿದ ಕಿರಿಯ ಶೂಟರುಗಳಿಗೆ ಗುರಿ ಅಭ್ಯಾಸದ ತರಬೇತಿಯ ಮಟ್ಟಿಗೆ, ಅದೂ ವಯಸ್ಕರೊಬ್ಬರು ಪಕ್ಕದಲ್ಲೇ ನಿಂತು ನೋಡಿಕೊಳ್ಳುವಾಗ, ಒಂದು ರಿಯಾಯಿತಿಯನ್ನು ಕೊಟ್ಟಿವೆ. ಆ ರಿಯಾಯಿತಿ ಇರುವುದು ಕ್ರೀಡಾ ತರಬೇತಿಗೇ ಹೊರತು, ಕಾಫಿ ತೋಟದಲ್ಲಿ ಡಬ್ಬ ಇಟ್ಟು ಹೊಡೆಯುವುದಕ್ಕಲ್ಲ. ತಮ್ಮ ಮಗಳಿಗಂತೂ ಇನ್ನೂ ಆ ವಯಸ್ಸೂ ಆಗಿಲ್ಲ. ಕೊಡಗಿನಲ್ಲಿ ಬಂದೂಕು ಮನೆಯ ಸಂಪ್ರದಾಯಕ್ಕೆ ಸೇರಿದ್ದು, ಕೈಲ್ ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳು ನಡೆಯುತ್ತವೆ ಎಂಬುದೆಲ್ಲ ನಿಜವೇ. ಆದರೆ ಅಲ್ಲಿನ ರೂಢಿಯನ್ನು ಮುಂದಿಟ್ಟುಕೊಂಡು ಮಂಡ್ಯದ ಶಾಲಾ ಬಾಲಕಿಯ ಕೈಗೆ .22 ಕೊಡಲಾಗದು.

ಏರ್ ಪಿಸ್ತೂಲಿನ ವಿಷಯ ಬೇರೆ. ನಳಿಗೆಯ ವ್ಯಾಸ .177 ಅಂಗುಲ, ಅಂದರೆ 4.5 ಮಿ.ಮೀ. ಮೀರದೆ, ಹೊರಬೀಳುವ ಗುಂಡಿನ ಶಕ್ತಿ 20 ಜೌಲ್ ಮೀರದೆ ಇದ್ದರೆ ಅದಕ್ಕೆ ಪರವಾನಗಿ ಬೇಕಿಲ್ಲ. ಸ್ಪರ್ಧೆಯ ಏರ್ ಪಿಸ್ತೂಲುಗಳ ಶಕ್ತಿ ಈ ಮಿತಿಗಿಂತ ಬಹಳ ಕೆಳಗೇ ಇರುತ್ತದೆ. ಆದರೂ ರಸೀದಿ ಮತ್ತು ತಯಾರಕರ ವಿವರಪತ್ರವನ್ನು ಪೆಟ್ಟಿಗೆಯಲ್ಲೇ ಇಟ್ಟುಕೊಳ್ಳಿ. ಬಸ್ಸಿನಲ್ಲೋ ರೈಲಿನಲ್ಲೋ ಯಾರಾದರೂ ತಪಾಸಣೆ ಮಾಡಿದರೆ ವಾದ ಮಾಡುವುದಕ್ಕಿಂತ ಕಾಗದ ತೋರಿಸುವುದು ಸುಲಭ.

ಉತ್ತರ: ಮೈಸೂರಿನ ಕುವೆಂಪುನಗರದಿಂದ ಒಬ್ಬ ತಾಯಿ

ನನ್ನ ಮಗಳು ಈಗ ಸಬ್-ಯೂತ್ ಎಂಬ ಕಿರಿಯರ ವಿಭಾಗದಲ್ಲಿ ಸ್ಪರ್ಧಿಸುತ್ತಿದ್ದಾಳೆ. ನನ್ನ ಸಲಹೆ ಒಂದೇ: ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ. ತರಬೇತಿ ಕೇಂದ್ರದಲ್ಲಿ ಅಭ್ಯಾಸಕ್ಕೆಂದು ಇಟ್ಟಿರುವ ಪಿಸ್ತೂಲಿನಲ್ಲೇ ಮಗು ಕೆಲವು ತಿಂಗಳು ಕಲಿಯಲಿ. ಮಕ್ಕಳ ಹಟ ಎಷ್ಟು ದಿನದ್ದು ಎಂಬುದು ಅಷ್ಟರಲ್ಲಿ ತಿಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಮಗುವಿನ ಕೈ ಯಾವ ಅಳತೆಯದು, ಯಾವ ಕಣ್ಣು ಪ್ರಬಲ ಎಂಬುದು ತರಬೇತುದಾರರಿಗೆ ಗೊತ್ತಾಗುತ್ತದೆ. ಎರಡೂ ಅಂಗೈಗಳನ್ನು ಜೋಡಿಸಿ ನಡುವೆ ಸಣ್ಣ ಕಿಂಡಿ ಮಾಡಿಕೊಂಡು ದೂರದ ಗಡಿಯಾರವನ್ನು ನೋಡಲು ಹೇಳಿ, ಒಂದೊಂದೇ ಕಣ್ಣು ಮುಚ್ಚಿಸಿ. ಯಾವ ಕಣ್ಣು ತೆರೆದಿದ್ದಾಗ ಗಡಿಯಾರ ಕಿಂಡಿಯಲ್ಲೇ ಉಳಿಯುತ್ತದೆಯೋ ಅದೇ ಪ್ರಬಲ ಕಣ್ಣು. ನಮ್ಮವಳು ಬಲಗೈಯಲ್ಲಿ ಬರೆಯುವವಳಾದರೂ ಅವಳ ಎಡಗಣ್ಣು ಪ್ರಬಲವಾಗಿತ್ತು. ಅದು ತಿಳಿಯುವ ಮೊದಲೇ ಬಲಗೈಯ ಹಿಡಿಯಿರುವ ಪಿಸ್ತೂಲಿಗೆ ಹಣ ಸುರಿದಿದ್ದರೆ ಮುಂದಿನ ತೀರ್ಮಾನವನ್ನೆಲ್ಲ ಆ ಹಣವೇ ಮಾಡಿಬಿಡುತ್ತಿತ್ತು.

ತಡವಾಗಿ ಶುರು ಮಾಡಿದರೆ ಮಗು ಹಿಂದುಳಿಯುತ್ತದೆ ಎಂಬ ಆತಂಕ ಬೇಡ. ನಮ್ಮ ಬೆಂಗಳೂರಿನ ದಿವ್ಯಾ ಟಿ.ಎಸ್. ಅವರು ಮೊದಲು ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದವರು. ಆಮೇಲೆ ಪಿಸ್ತೂಲು ಹಿಡಿದು 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಸರಬ್ಜೋತ್ ಸಿಂಗ್ ಅವರ ಜೊತೆ ಮಿಶ್ರ ತಂಡದ ಬೆಳ್ಳಿ ತಂದರು.

ಉತ್ತರ: ಮೈಸೂರಿನ ಸರಸ್ವತೀಪುರಂನಿಂದ, ಮಕ್ಕಳಿಗೆ ಪಿಸ್ತೂಲು ಕಲಿಸುವ ಒಬ್ಬರು

ಮೇಲಿನ ತಾಯಿಯವರ ಮಾತಿಗೆ ನನ್ನ ಪೂರ್ಣ ಸಹಮತವಿದೆ. ಆದರೂ ಮುಂದೆ ಕೊಳ್ಳುವ ದಿನ ಬಂದೇ ಬರುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

'ಚಿಕ್ಕ ಪಿಸ್ತೂಲು' ಎಂದು ಕೇಳಿದ್ದೀರಿ. ಉದ್ದದಲ್ಲಿ ಚಿಕ್ಕದಾಗಿರುವುದರಿಂದ ಮಗುವಿಗೆ ದೊಡ್ಡ ಉಪಯೋಗವೇನಿಲ್ಲ. ನೋಡಬೇಕಾದದ್ದು ತೂಕ, ಹಿಡಿ ಮತ್ತು ಟ್ರಿಗರ್‌ಗೆ ಬೆರಳು ತಲುಪುವ ದೂರ; ನನ್ನ ಲೆಕ್ಕದಲ್ಲಿ ಈ ಮೂರರ ಮುಂದೆ ಕಂಪನಿಯ ಹೆಸರು ಗೌಣ. ಅಂತರರಾಷ್ಟ್ರೀಯ ನಿಯಮದಂತೆ ಏರ್ ಪಿಸ್ತೂಲು 1500 ಗ್ರಾಂ ಮೀರಬಾರದು, ಟ್ರಿಗರ್ ಕನಿಷ್ಠ 500 ಗ್ರಾಂ ಭಾರವನ್ನು ತಡೆಯಬೇಕು, ಮತ್ತು ಒಂದೇ ಕೈಯಲ್ಲಿ, ಯಾವ ಆಸರೆಯೂ ಇಲ್ಲದೆ ಹೊಡೆಯಬೇಕು. ದೊಡ್ಡವರ ಪಿಸ್ತೂಲುಗಳು ಸಾಮಾನ್ಯವಾಗಿ ಒಂದು ಕಿಲೋ ಆಸುಪಾಸಿನಲ್ಲಿರುತ್ತವೆ. ಹನ್ನೆರಡರ ಮಗು ಅದನ್ನು ಹಿಡಿದಾಗ ಏನಾಗುತ್ತದೆ ಎಂಬುದನ್ನು ಪಕ್ಕದಿಂದ ನೋಡಬೇಕು: ಮೊದಲ ನಾಲ್ಕಾರು ಹೊಡೆತ ಚೆನ್ನಾಗಿರುತ್ತವೆ, ಆಮೇಲೆ ತೋಳಿನ ಭಾರವನ್ನು ಸರಿದೂಗಿಸಲು ಸೊಂಟ ಹಿಂದಕ್ಕೆ ಬಾಗುತ್ತದೆ, ಬಲಭುಜ ಕಿವಿಯ ಕಡೆಗೆ ಏರುತ್ತದೆ, ಕೈ ನಡುಗಲು ಶುರುವಾದ ಕೂಡಲೇ ಮಗು ಗಾಬರಿಯಿಂದ ಟ್ರಿಗರನ್ನು ಜಗ್ಗಿಬಿಡುತ್ತದೆ. ಹೀಗೆ ಜಗ್ಗುವ ಚಾಳಿ ಒಮ್ಮೆ ಅಂಟಿತೆಂದರೆ ಬಿಡಿಸುವುದು ಕಲಿಸುವುದಕ್ಕಿಂತ ಕಷ್ಟ. ಆದ್ದರಿಂದಲೇ ಹಗುರವಾದ ಪಿಸ್ತೂಲು ಬೇಕು, ಅಥವಾ ಮೊದಲ ತಿಂಗಳುಗಳಲ್ಲಿ ನಳಿಗೆಯ ಕೆಳಗೆ ಒಂದು ಆಸರೆಯ ಸ್ಟ್ಯಾಂಡ್ ಇಟ್ಟು ಕಲಿಸಬೇಕು. ಆಸರೆ ಇಟ್ಟರೆ ಮಗು ತೂಕದ ಯೋಚನೆ ಬಿಟ್ಟು ಸೈಟ್ (ಗುರಿ ಹಿಡಿಯಲು ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಇರುವ ಗುರುತುಗಳು) ಮತ್ತು ಟ್ರಿಗರ್‌ಗಳ ಕಡೆಗೆ ಮಾತ್ರ ಗಮನ ಕೊಡುತ್ತದೆ.

ಇನ್ನು ಹಿಡಿಯ ವಿಷಯ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಕವಲು ಪಿಸ್ತೂಲಿನ ಹಿಂಬದಿಗೆ ಸಂದಿಲ್ಲದೆ ಕೂರಬೇಕು. ಹಾಗೆ ಕೂತಾಗ ತೋರುಬೆರಳಿನ ತುದಿಯ ಮೆತ್ತನೆಯ ಭಾಗ ಟ್ರಿಗರಿನ ಮೇಲೆ ನೇರವಾಗಿ ಬೀಳಬೇಕು. ಬೆರಳು ತಲುಪದೆ ಮಗು ಕೈಯನ್ನು ಪಕ್ಕಕ್ಕೆ ತಿರುಗಿಸಿ ಹಿಡಿದರೆ ಆ ಹಿಡಿ ದೊಡ್ಡದಾಯಿತು ಎಂದೇ ಅರ್ಥ. ಒಳ್ಳೆಯ ಕಂಪನಿಗಳು ಮರದ ಹಿಡಿಯನ್ನು ಹಲವು ಅಳತೆಗಳಲ್ಲಿ ಮಾಡುತ್ತವೆ, ಟ್ರಿಗರನ್ನು ಹಿಂದೆ ಮುಂದೆ ಸರಿಸುವ ಸೌಲಭ್ಯವನ್ನೂ ಕೊಟ್ಟಿರುತ್ತವೆ. ನಾನು ಮಾಡುವುದು ಹಳೆಯ ಉಪಾಯ: ಮಗುವಿನ ಅಂಗೈಗೆ ಸೀಮೆಸುಣ್ಣದ ಪುಡಿ ಸವರಿ ಪಿಸ್ತೂಲನ್ನು ಹಿಡಿಸುತ್ತೇನೆ, ಕೈ ತೆಗೆದ ಮೇಲೆ ಮರದ ಮೇಲೆ ಎಲ್ಲಿ ಬಿಳಿ ದಟ್ಟವಾಗಿದೆ, ಎಲ್ಲಿ ಮರ ಹಾಗೇ ಉಳಿದಿದೆ ಎಂದು ನೋಡುತ್ತೇನೆ. ದಟ್ಟವಾಗಿರುವ ಕಡೆ ಉಜ್ಜುಕಾಗದದಿಂದ ಸ್ವಲ್ಪ ಸ್ವಲ್ಪವೇ ತೆಗೆಯುವುದು, ಖಾಲಿ ಇರುವ ಕಡೆ ಮರದ ಪುಟ್ಟಿ ತುಂಬುವುದು. ಆದರೆ ಮಕ್ಕಳ ಕೈ ನಿಲ್ಲದೆ ಬೆಳೆಯುತ್ತದೆ. ಹೀಗಾಗಿ ಹಿಡಿಯನ್ನು ಮಾತ್ರ ಬದಲಿಸಬಹುದಾದ ಮಾದರಿಯನ್ನೇ ಆರಿಸಬೇಕು.

ಬಗೆಗಳಲ್ಲಿ, ನಳಿಗೆಯನ್ನು ಮಡಚಿ ಸ್ಪ್ರಿಂಗ್ ಎಳೆಯುವ ಅಗ್ಗದ ಪಿಸ್ತೂಲು ಮಗುವಿಗೆ ಬೇಡವೇ ಬೇಡ. ಅದನ್ನು ಎಳೆಯಲು ದೊಡ್ಡವರ ಬಲ ಬೇಕು, ನಳಿಗೆ ಜಾರಿ ಹಿಂದಕ್ಕೆ ಹೊಡೆದರೆ ಬೆರಳು ಜಜ್ಜುತ್ತದೆ, ಗುಂಡು ಹೊರಡುವ ಮೊದಲೇ ಸ್ಪ್ರಿಂಗಿನ ಕುಲುಕಾಟ ಗುರಿಯನ್ನು ಕದಲಿಸುತ್ತದೆ. ಒಂದೇ ಸಲ ಸನ್ನೆ (ಲಿವರ್) ಒತ್ತಿ ಗಾಳಿ ತುಂಬುವ ಬಗೆಯಲ್ಲಿ ಗ್ಯಾಮೊ ಕಾಂಪ್ಯಾಕ್ಟ್ ಹಗುರ, ಕಡಿಮೆ ಖರ್ಚಿನದು. ರಷ್ಯಾದ ಬೈಕಾಲ್ 46 ಬಹಳ ನಿಖರ, ಆದರೆ ಭಾರ, ಸನ್ನೆಯೂ ಬಿಗಿ. ಈ ಎರಡರಲ್ಲೂ ಪ್ರತಿ ಗುಂಡಿಗೂ ದೊಡ್ಡವರೊಬ್ಬರು ಪಕ್ಕದಲ್ಲಿ ಕೂತು ಗಾಳಿ ತುಂಬಿಕೊಡಬೇಕಾಗಬಹುದು. ಸುಮ್ಮನೆ ಹೇಳುವುದಾದರೆ ಅದೂ ಒಂದು ಲಾಭವೇ, ಮಗು ಆತುರಪಡುವುದಿಲ್ಲ. ಮೂರನೆಯದು ಸ್ಪರ್ಧೆಯ ನಿಜವಾದ ಬಗೆ, ನಳಿಗೆಯ ಕೆಳಗಿನ ಸಿಲಿಂಡರಿನಲ್ಲಿ 200 ಬಾರ್ ಒತ್ತಡದ ಗಾಳಿ ತುಂಬಿಟ್ಟುಕೊಳ್ಳುವಂಥದು. ಇದರಲ್ಲಿ ಒದೆತ ಇಲ್ಲವೆಂದೇ ಹೇಳಬಹುದು. ಸ್ಟೈಯರ್, ಮೊರಿನಿ, ವಾಲ್ಥರ್, ಪಾರ್ದಿನಿ, ಫೈನ್‌ವೆರ್ಕ್‌ಬಾವ್ ಎಲ್ಲವೂ ಒಳ್ಳೆಯವೇ, ಬೆಲೆ ಮಾತ್ರ ಲಕ್ಷವನ್ನು ಸಲೀಸಾಗಿ ದಾಟುತ್ತದೆ. ಕಿರಿಯರಿಗಾಗಿ ಹ್ಯಾಮರ್ಲಿ ಎಪಿ20 ಇದೆ. 900 ಗ್ರಾಂಗಿಂತ ಕಡಿಮೆ ತೂಕದ್ದು, ಅದರ ಹಿಡಿಯನ್ನು ಎಡಗೈಯವರೂ ಬಳಸಬಹುದು. ನನ್ನನ್ನು ಕೇಳಿದರೆ, ಒಂದು ವರ್ಷ ಕಲಿತ ಮಗುವಿಗೆ ಈ ಕೊನೆಯದು ಅಥವಾ ದೊಡ್ಡ ಕಂಪನಿಗಳ ಗಿಡ್ಡ ನಳಿಗೆಯ ಹಗುರ ಮಾದರಿಗಳಲ್ಲಿ ಒಂದು. ಎಲೆಕ್ಟ್ರಾನಿಕ್ ಟ್ರಿಗರ್ ಆರಂಭದಲ್ಲೇ ಬೇಡ. ಮನೆಯಲ್ಲೇ ಬಿಚ್ಚಿ ಒರೆಸಿ ಜೋಡಿಸಬಲ್ಲ ಸರಳ ಟ್ರಿಗರ್ ಮಗುವಿಗೆ ಸಾಕು.

ಉತ್ತರ: ಶ್ರೀರಂಗಪಟ್ಟಣದಿಂದ

ಒಂದು ಎಚ್ಚರಿಕೆ ಮಾತ್ರ. ನಿಜವಾದ ಪೊಲೀಸ್ ಪಿಸ್ತೂಲಿನಂತೆಯೇ ಕಾಣುವ, ಸಿಒ2 ಗ್ಯಾಸಿನಲ್ಲಿ ಉಕ್ಕಿನ ಗೋಲಿ ಹೊಡೆಯುವ ನಕಲುಗಳನ್ನು ಆನ್‌ಲೈನಿನಲ್ಲಿ 'ಮಕ್ಕಳ ಅಭ್ಯಾಸಕ್ಕೆ' ಎಂದು ಮಾರುತ್ತಾರೆ. ಉಕ್ಕಿನ ಗೋಲಿ ಗಟ್ಟಿಯಾದ ಯಾವುದಕ್ಕೆ ತಾಗಿದರೂ ಪುಟಿದು ಹಿಂದಕ್ಕೆ ಬರುತ್ತದೆ. ಸ್ಪರ್ಧೆಯ ಸೀಸದ ಪೆಲೆಟ್ ಹಾಗಲ್ಲ, ತಾಗಿದ ಕಡೆ ಚಪ್ಪಟೆಯಾಗುತ್ತದೆ. ಕಣ್ಣಿಗೆ ಕನ್ನಡಕ ಎರಡಕ್ಕೂ ಬೇಕು, ಆದರೆ ಆ ನಕಲುಗಳನ್ನು ಮನೆಯೊಳಗೆ ತರಲೇಬಾರದು. ಆಟವಾಡುತ್ತಾ ಅದನ್ನು ಬೀದಿಗೆ ತಂದ ಹುಡುಗನನ್ನು ನೋಡಿದವರು ಅದು ಆಟಿಕೆಯೋ ನಿಜವೋ ಎಂದು ವಿಚಾರಿಸುತ್ತಾ ನಿಲ್ಲುವುದಿಲ್ಲ. ಇನ್ನು ಏರ್ ಗನ್ ಬಂದ ಮನೆಯಲ್ಲಿ ಮಾವಿನ ಮರದ ಹಕ್ಕಿಗಳ ಮೇಲೆ ಕಣ್ಣು ಬೀಳುವುದು ಸಹಜ. ರಂಗನತಿಟ್ಟು, ಕೊಕ್ಕರೆ ಬೆಳ್ಳೂರುಗಳ ನಡುವೆ ಬದುಕುವ ನಾವು ಮೊದಲ ದಿನವೇ ಮಕ್ಕಳಿಗೆ ಹೇಳಬೇಕು, ಕಾಗದದ ಗುರಿಯನ್ನು ಬಿಟ್ಟು ಬೇರೆ ಯಾವುದಕ್ಕೂ ನಳಿಗೆ ತಿರುಗಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಇದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಭಾವಮೈದುನನಿಗೆ ಈ ಉತ್ತರಗಳನ್ನೇ ಓದಿಸಿದ್ದೇನೆ. ಇನ್ನೆರಡು ಸಂದೇಹಗಳಿವೆ. ಮೈಸೂರಿನ ಪರಿಚಯದವರೊಬ್ಬರ ಮಗ ಕಾಲೇಜಿಗೆ ಸೇರಿ ಶೂಟಿಂಗ್ ಬಿಟ್ಟಿರುವುದರಿಂದ ಅವನ ಹಳೆಯ ಪಿಸ್ತೂಲನ್ನು ಅರ್ಧ ಬೆಲೆಗೆ ಕೊಡುತ್ತೇವೆ ಎನ್ನುತ್ತಿದ್ದಾರೆ. ಮುಂದೆ ಬೇಕಾದಾಗ ಇಂಥದನ್ನು ತೆಗೆದುಕೊಳ್ಳಬಹುದೇ? ಮನೆಯಲ್ಲಿ ಹತ್ತು ಮೀಟರ್ ಜಾಗವಿಲ್ಲ, ಅಭ್ಯಾಸಕ್ಕೆ ತಾರಸಿಯನ್ನು ಬಳಸಬಹುದೇ?

ಉತ್ತರ: ಸರಸ್ವತೀಪುರಂನಿಂದ

ಹಳೆಯದು ಕೊಳ್ಳಬಹುದು, ಆದರೆ ಮೊದಲು ಸಿಲಿಂಡರಿನ ಮೇಲೆ ಕೊರೆದಿರುವ ತಾರೀಖನ್ನು ಓದಿ. ತಯಾರಕರು ಗಾಳಿಯ ಸಿಲಿಂಡರಿಗೆ ಹೆಚ್ಚೆಂದರೆ 10 ವರ್ಷದ ಆಯುಸ್ಸು ಕೊಡುತ್ತಾರೆ. ಆ ಅವಧಿ ಮುಗಿದದ್ದನ್ನು ಸ್ಪರ್ಧೆಗೆ ಒಯ್ಯುವಂತಿಲ್ಲ, ಮನೆಯಲ್ಲೂ ತುಂಬಬಾರದು. ಹೊಸ ಸಿಲಿಂಡರಿನ ಬೆಲೆಯನ್ನು ಸೇರಿಸಿದ ಮೇಲೆ ಆ ಅರ್ಧ ಬೆಲೆ ಇನ್ನೂ ಅರ್ಧವಾಗಿ ಉಳಿಯುತ್ತದೆಯೇ ಎಂದು ಲೆಕ್ಕ ಹಾಕಿ. ಆಮೇಲೆ ಸಿಲಿಂಡರ್ ತುಂಬಿಸಿ, ಮಾಪಕದ ಮುಳ್ಳು ಎಲ್ಲಿದೆ ಎಂದು ಗುರುತಿಟ್ಟು, ರಾತ್ರಿಯೆಲ್ಲ ಬಿಟ್ಟು ಬೆಳಿಗ್ಗೆ ನೋಡಿ. ಮುಳ್ಳು ಇಳಿದಿದ್ದರೆ ಎಲ್ಲೋ ವಾಷರ್ ಸವೆದಿರಬಹುದು. ಕಾಲೇಜು ಹುಡುಗನ ಕೈಗೆಂದು ಕೆತ್ತಿದ ಹಿಡಿ ನಿಮ್ಮ ಮಗಳಿಗೆ ಖಂಡಿತ ಆಗುವುದಿಲ್ಲ, ಅದರ ಖರ್ಚನ್ನೂ ಕೂಡಿಸಿಕೊಳ್ಳಿ.

ತಾರಸಿಯ ಮಾತೇ ಬೇಡ. ಗುರಿ ತಪ್ಪಿದ ಪೆಲೆಟ್ ಪಕ್ಕದ ಮನೆಯ ಅಂಗಳದಲ್ಲಿ ಬೀಳುತ್ತದೆ. ಮನೆಯ ಅಭ್ಯಾಸಕ್ಕೆ ಪೆಲೆಟ್ಟೂ ಬೇಡ, ಜಾಗವೂ ಬೇಡ. ಬಿಳಿ ಗೋಡೆಯ ಮುಂದೆ ನಿಂತು, ಖಾಲಿ ಪಿಸ್ತೂಲನ್ನು ಎತ್ತಿ, ಮುಂದಿನ ಸೈಟನ್ನೇ ನೋಡುತ್ತಾ, ಅದು ಕದಲದಂತೆ ಟ್ರಿಗರ್ ಒತ್ತುವುದನ್ನು ದಿನವೂ ಸ್ವಲ್ಪ ಹೊತ್ತು ಮಾಡಿದರೆ ಸಾಕು. ಹತ್ತು ಮೀಟರ್ ದೂರದಲ್ಲಿ ಹತ್ತು ಅಂಕದ ವೃತ್ತದ ವ್ಯಾಸ ಕೇವಲ 11.5 ಮಿ.ಮೀ.; ಅದನ್ನು ಮುಟ್ಟುವ ಕೈ ತಯಾರಾಗುವುದು ಬಹುಪಾಲು ಈ ಗೋಡೆಯ ಮುಂದೆಯೇ. ಪಿಸ್ತೂಲು ಬರುವವರೆಗೆ ಅರ್ಧ ಲೀಟರಿನ ನೀರಿನ ಬಾಟಲಿಯನ್ನು ಭುಜದ ಮಟ್ಟಕ್ಕೆ ಎತ್ತಿ ಹತ್ತು ಎಣಿಸುವಷ್ಟು ಹಿಡಿಯುವ ಅಭ್ಯಾಸ ಮಾಡಿಸಿ, ಎರಡೂ ಕೈಗಳಲ್ಲಿ.

ಉತ್ತರ: ಕುವೆಂಪುನಗರದ ತಾಯಿಯಿಂದ

ಮನೆಗೆ ತಂದ ಮೇಲಿನ ಶಿಸ್ತಿನ ಬಗ್ಗೆ ಎರಡು ಮಾತು ಸೇರಿಸುತ್ತೇನೆ. ಪಿಸ್ತೂಲು ಒಂದು ಬೀಗದಲ್ಲಿ, ಪೆಲೆಟ್ ಡಬ್ಬ ಇನ್ನೊಂದು ಬೀಗದಲ್ಲಿ, ಎರಡು ಕೀಲಿಯೂ ದೊಡ್ಡವರ ಬಳಿ ಇರಲಿ. ಪೆಟ್ಟಿಗೆಯಲ್ಲಿರುವಾಗ ನಳಿಗೆಯ ಉದ್ದಕ್ಕೂ ಕಿತ್ತಳೆ ಬಣ್ಣದ ಸುರಕ್ಷತಾ ದಾರ ಇರಬೇಕು. ಮಗು ಪೆಟ್ಟಿಗೆ ತೆರೆದ ಕೂಡಲೇ ಮೊದಲು ಆ ದಾರ ಎರಡೂ ಕಡೆ ಕಾಣುತ್ತಿದೆಯೇ ಎಂದು ನೋಡುವುದನ್ನು ಕಲಿಸಿ. ಪೆಲೆಟ್ ಸೀಸದ್ದಾದ್ದರಿಂದ ಅಭ್ಯಾಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ತಿಂಡಿಯ ಡಬ್ಬ ತೆರೆಯಬಾರದು. ದಸರೆಯ ಆಯುಧಪೂಜೆಯಲ್ಲಿ ನಮ್ಮ ಅತ್ತೆಯವರು ಪಿಸ್ತೂಲಿಗೇ ಅರಿಶಿನ ಕುಂಕುಮ ಹಚ್ಚಲು ಹೊರಟಿದ್ದರು. ಆ ಪುಡಿ ಟ್ರಿಗರಿನ ಸಂದಿಗೆ ಇಳಿದರೆ ತೆಗೆಯುವುದು ಸುಲಭವಲ್ಲ. ಈಗ ಪೆಟ್ಟಿಗೆಯ ಮುಚ್ಚಳಕ್ಕೆ ಹಚ್ಚಿ ಹೂವಿಡುತ್ತೇವೆ, ಅವರಿಗೂ ಸಮಾಧಾನ.